ಕಮ್ಯುನಿಕೇಶನ್ಸ್ ಓದಬೇಕಾ, ಬೇಡವಾ?

ಮಕ್ಕಳೇ, ಹೈಸ್ಕೂಲಿನ ಕೊನೆಯ ಎರಡು ವರ್ಷದಲ್ಲಿರುವವರಿಗೆ ಈ ಪಾಠ. ಅಪ್ಪ-ಅಮ್ಮಂದಿರೂ ಜೊತೆಗೆ ಕೂತು ಓದಿ.

ಹೋದ ವರ್ಷ ನನ್ನ ಮಗಳು "ಅಪ್ಪಾ, ನಾನು ಕಮ್ಯುನಿಕೇಶನ್ಸ್ ಓದ್ತೀನಿ" ಅಂದಾಗ ನನಗೆ ಖುಷಿಯೋ ಖುಷಿ. ಕರ್ನಾಟಕದಲ್ಲಿ ನಾನು ಓದಿದ್ದೂ 'ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್' ಇಂಜಿನಿಯರಿಂಗೇ! ಆಮೇಲೆ ಗೊತ್ತಾಯ್ತು, ಅವಳು ಹೇಳಿದ್ದು ಆಂಟೆನಾ, ಸಿಗ್ನಲ್ ವಿಷಯವಲ್ಲ, ಮನುಷ್ಯರ ವಿಷಯ. "ಮಾತಾಡೋದಕ್ಕೂ ಡಿಗ್ರಿ ಬೇಕಾ?" ಅಂದುಬಿಟ್ಟೆ. ಎರಡು ದಿನ ಅವಳು ನನ್ನ ಹತ್ತಿರ ಮಾತು ಬಿಟ್ಟಳು.

ಮೂರನೇ ದಿನ ಇಬ್ಬರೂ ಕೂತು ಯೂನಿವರ್ಸಿಟಿಗಳ ಕೋರ್ಸ್ ಪಟ್ಟಿ ತೆಗೆದೆವು. ಇಲ್ಲಿ ಅಮೆರಿಕದಲ್ಲಿ ಹೆಸರೊಂದೇ, ಒಳಗಿನ ಸರಕು ಬೇರೆ ಬೇರೆ. ಒಂದು ಕಡೆ ಪತ್ರಿಕೋದ್ಯಮ, ಇನ್ನೊಂದು ಕಡೆ ಜಾಹೀರಾತು, ಮತ್ತೊಂದು ಕಡೆ ಭಾಷಣಕಲೆ. ಹಾಗಾಗಿ ಹೆಸರು ನೋಡಿ ಸೇರಬೇಡಿ, ಪಟ್ಟಿ ಓದಿ. ಸಂದರ್ಶನ, ಮಾಧ್ಯಮ ಕಾನೂನು, ಸಮೀಕ್ಷೆ ಮಾಡುವ ಕ್ರಮ, ಅದರ ಹಿಂದೆ ಸ್ಟಾಟಿಸ್ಟಿಕ್ಸ್ ಎಲ್ಲಾ ಇರುತ್ತೆ. ಗಣಿತಕ್ಕೆ ಹೆದರಿ ಇತ್ತ ಬರೋರು ಸ್ವಲ್ಪ ನೋಡಿಕೊಳ್ಳಿ!

ಇದರಲ್ಲಿ ಕಲಿಯೋಕೆ ಏನಿದೆ ಅನ್ನೋ ಇಂಜಿನಿಯರ್ ಅಪ್ಪಂದಿರಿಗೆ ಒಂದು ಉದಾಹರಣೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದುಹೋಗಿ 7 ಜನ ತೀರಿಕೊಂಡರು. ಇಷ್ಟು ಚಳಿಯಲ್ಲಿ ರಬ್ಬರ್ ರಿಂಗ್ ಸರಿಯಾಗಿ ಮುಚ್ಚಿಕೊಳ್ಳದೇ ಇರಬಹುದು, ಹಾರಿಸಬೇಡಿ ಅಂತ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಫೋನ್ ಮೀಟಿಂಗಿನಲ್ಲಿ ಚಾರ್ಟು ಇಟ್ಟುಕೊಂಡು ಹೇಳಿದ್ದರು. ಮೇಲಿನವರು ಒಪ್ಪಲಿಲ್ಲ. ಅವರಿಗೆ ಅವಸರವೂ ಇತ್ತು, ತಪ್ಪೆಲ್ಲಾ ಚಾರ್ಟಿನದ್ದಲ್ಲ. ಆದರೆ ಆಮೇಲೆ ತನಿಖೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಒಂದು ಲೋಟ ಐಸ್ ನೀರಿನಲ್ಲಿ ಅದ್ದಿ ತೋರಿಸಿದಾಗ, ಟಿವಿ ಮುಂದೆ ಕೂತವರಿಗೂ ಅರ್ಥವಾಯ್ತು. ನನ್ನ ಎಂಟು ಸೆಮಿಸ್ಟರಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಕೆಲಸದ ಮಾತು. ನರ್ಸಿಂಗ್, ಇಂಜಿನಿಯರಿಂಗ್ ಥರ ಈ ಡಿಗ್ರಿಯ ಹೆಸರಿಗೇ ಕೆಲಸ ಸಿಗಲ್ಲ. ನೀವು ಏನು ಬರೆದಿದ್ದೀರಿ, ಏನು ಮಾಡಿದ್ದೀರಿ ಅಂತ ಕೇಳ್ತಾರೆ. ಅದಕ್ಕೇ ಕಾಲೇಜಿನ ಪತ್ರಿಕೆ, ರೇಡಿಯೋ, ಇಂಟರ್ನ್‌ಶಿಪ್ ಬಿಡಬಾರದು. ದೊಡ್ಡ ಸಾಲ ಮಾಡಿ ಓದೋ ಮುಂಚೆ ನಮ್ಮದೇ ರಾಜ್ಯದ ಯೂನಿವರ್ಸಿಟಿಯ ಫೀಸ್ ನೋಡಿ.

ನಾನು ಮಾತಿನ ಮಲ್ಲಿ, ಇದು ನನಗೇ ಸರಿ ಅಂದುಕೊಂಡ್ರಾ? ಹೀಗೆ ಪರೀಕ್ಷೆ ಮಾಡಿ. ಊರಿನಲ್ಲಿರೋ ಅಜ್ಜಿಗೆ ಫೋನ್ ಮಾಡಿ, ಅವರ ಶಾಲೆಯ ದಿನಗಳ ಬಗ್ಗೆ ಅರ್ಧ ಗಂಟೆ ಕೇಳಿ. ನೀವು ಮಾತಾಡಬೇಡಿ, ಕೇಳಿಸಿಕೊಳ್ಳಿ. ನಮ್ಮೂರನ್ನೇ ನೋಡದ ಗೆಳತಿಗೆ ಅರ್ಥವಾಗೋ ಹಾಗೆ ಅದನ್ನ ಇಂಗ್ಲಿಷಿನಲ್ಲಿ 200 ಪದದಲ್ಲಿ ಬರೀರಿ. ಅವಳಿಗೆ ಎಲ್ಲಿ ಅರ್ಥವಾಗಲಿಲ್ಲ ಅಂತ ಕೇಳಿ, ತಿದ್ದಿ ಮತ್ತೆ ಬರೀರಿ. ಮೂರನೇ ಸಲಕ್ಕೇ ಸಾಕಪ್ಪಾ ಅನ್ನಿಸಿದರೆ ಬೇರೆ ವಿಷಯಗಳನ್ನೂ ನೋಡಿ.

ನನ್ನ ಮಗಳು ಐದು ಸಲ ಬರೆದಳು. ಆರು ಕಡೆ ಅರ್ಜಿ ಹಾಕಿದ್ದಾಳೆ, ಜೊತೆಗೆ ಪಬ್ಲಿಕ್ ಹೆಲ್ತ್ ಮೈನರ್ ಮಾಡೋ ಯೋಚನೆಯಂತೆ. ಉತ್ತರಕ್ಕೆ ಕಾಯ್ತಾ ಇದ್ದೀವಿ.