ಹದ್ದಿನ ನೆರಳು

ಮೈಸೂರು ನಗರದ ವಾಯವ್ಯ ಭಾಗದಲ್ಲಿ ವಿಜಯನಗರವೆಂಬ ಬಡಾವಣೆಯಿದೆ. ಹೆಸರು ಸಾಮ್ರಾಜ್ಯದ್ದಾದರೂ ಇಲ್ಲಿರುವುದು ಕೋಟೆಕೊತ್ತಲಗಳಲ್ಲ, ಸಾಲುಮನೆಗಳು. ಮಗ್ಗುಲಿನ ಹಿನಕಲ್ ಗ್ರಾಮವೂ ಇಂದು ನಗರದೊಡನೆ ಬೆರೆತುಹೋಗಿದೆ. ಹೊಲಗಳು ಮರೆಯಾದರೂ ಹಿತ್ತಿಲುಗಳು ಪೂರ್ಣವಾಗಿ ಮರೆಯಾಗಿಲ್ಲ. ಹಿತ್ತಿಲಿರುವೆಡೆ ನಾಲ್ಕಾರು ಕೋಳಿಗಳನ್ನು ಸಾಕಬೇಕೆಂಬ ಆಸೆಯೂ ಅಳಿದಿಲ್ಲ. ಕೋಳಿಯಿದ್ದಲ್ಲಿಗೆ ಹದ್ದು ಬಾರದಿದ್ದೀತೆ? ಅನತಿ ದೂರದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1864ರಲ್ಲಿ ನಿರ್ಮಾಣವಾದ ಕುಕ್ಕರಹಳ್ಳಿ ಕೆರೆಯಿದೆ. ಗೂಡು ಕಟ್ಟಲು ಎತ್ತರದ ಮರಗಳಿವೆ. ಮಾಂಸದಂಗಡಿಗಳ ಕಸವಂತೂ ಎಲ್ಲೆಡೆಯೂ ಉಂಟು.

ಜನರು ‘ಹದ್ದು’ ಎಂದು ಕರೆಯುವ ಹಕ್ಕಿ ಒಂದೇ ಅಲ್ಲ. ಕಡುಗಂದು ಬಣ್ಣದ, ಮೀನಿನ ಬಾಲದಂತೆ ಕವಲೊಡೆದ ಬಾಲವುಳ್ಳದ್ದು ಕರಿಹದ್ದು. ಬಿಸಿಲೇರಿ ನೆಲದಿಂದ ಬಿಸಿಗಾಳಿ ಏಳತೊಡಗಿದೊಡನೆ ಅದು ರೆಕ್ಕೆ ಬಡಿಯದೆಯೇ ಮೇಲೇರಿ ಸುತ್ತುಹಾಕುತ್ತದೆ. ಇದರ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಬಲಿತ ಕೋಳಿಯನ್ನು ಹೊತ್ತೊಯ್ಯುವುದು ಅದರಿಂದಾಗದು. ಅದರ ಕಣ್ಣಿರುವುದು ಮರಿಗಳ ಮೇಲೆ. ಬಿಳಿಯ ತಲೆ, ಇಟ್ಟಿಗೆಗೆಂಪು ಮೈ ಉಳ್ಳ ಗರುಡವನ್ನು ಕಂಡು ಹಿರಿಯರು ಕೈಮುಗಿಯುವರು. ಅದಕ್ಕೆ ಕೆರೆಯ ಮೀನು, ಕಪ್ಪೆಗಳೇ ಹೆಚ್ಚು ಇಷ್ಟ. ಮೂರನೆಯದು ಶಿಕ್ರಾ ಎಂಬ ಚಿಕ್ಕ ಗಿಡುಗ. ಗಾತ್ರದಲ್ಲಿ ಪಾರಿವಾಳದಷ್ಟೇ ಇದ್ದರೂ ಹಿತ್ತಿಲಿಗೆ ಇದರ ಭಯ ಕಡಿಮೆಯಲ್ಲ. ಇದು ಬಾನಿನಲ್ಲಿ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಎಲೆಗಳ ಮರೆಯಲ್ಲಿ ಕುಳಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಗುತ್ತದೆ.

ಆದರೆ ಕಳೆದುಹೋದ ಮರಿಗಳೆಲ್ಲ ಹದ್ದಿನ ಲೆಕ್ಕಕ್ಕೇ ಸೇರತಕ್ಕವಲ್ಲ. ಇರುಳಿನಲ್ಲಿ ಮರಿ ಕಾಣೆಯಾದರೆ ಅಪರಾಧಿ ಬೆಕ್ಕೋ ಹೆಗ್ಗಣವೋ ಆಗಿರಬಹುದು. ಹದ್ದು ಹಗಲಿನ ಬೇಟೆಗಾರ. ಹಗಲಿನಲ್ಲಿಯೂ ಕಾಗೆ, ಕೆಂಬೂತ, ಮುಂಗುಸಿಗಳು ಎಳೆಯ ಮರಿಗಳನ್ನು ಬಿಡುವುದಿಲ್ಲ. ಕಳ್ಳನನ್ನು ಗುರುತಿಸದೆ ಕಾವಲಿಡುವುದು ವ್ಯರ್ಥ.

ಹದ್ದಿನ ವಿರುದ್ಧದ ಮೊದಲ ಕಾವಲುಗಾರ ಮನುಷ್ಯನಲ್ಲ, ತಾಯಿಕೋಳಿ. ಇಪ್ಪತ್ತೊಂದು ದಿನ ಕಾವು ಕುಳಿತು ಮರಿ ಮಾಡಿದ ಹೇಂಟೆ ಅನಂತರವೂ ಹಲವು ವಾರ ಅವುಗಳ ಬಳಿಯಿಂದ ಕದಲುವುದಿಲ್ಲ. ಮೇಯುತ್ತಿದ್ದರೂ ಆಗಾಗ ತಲೆ ಓರೆಮಾಡಿ, ಒಂದೇ ಕಣ್ಣಿನಿಂದ ಬಾನನ್ನು ನೋಡುತ್ತದೆ. ಅಪಾಯವನ್ನರಿತ ಕೋಳಿಗಳ ಕೂಗಿನಲ್ಲಿಯೂ ಭೇದವುಂಟು. ಪೀಟರ್ ಮಾರ್ಲರ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕೂಗುಗಳನ್ನು ಧ್ವನಿಮುದ್ರಿಸಿಕೊಂಡು ಕೋಳಿಗಳಿಗೆ ಮತ್ತೆ ಕೇಳಿಸಿದರು. ಆಗ ಎದುರಿಗೆ ಯಾವ ಶತ್ರುವೂ ಇರಲಿಲ್ಲ. ಆದರೂ ‘ಬಾನಿನ ಶತ್ರು’ವಿನ ಕೂಗು ಕೇಳಿದ ಕೋಳಿಗಳು ಮರೆಗೆ ಓಡಿ ಮೈಕುಗ್ಗಿಸಿ ಮೇಲೆ ನೋಡಿದವು; ‘ನೆಲದ ಶತ್ರು’ವಿನ ಕೂಗು ಕೇಳಿದವು ಕತ್ತು ನಿಗುರಿಸಿ ಸುತ್ತಲೂ ನೋಡಿದವು. ಹಿತ್ತಿಲಿನ ಗದ್ದಲವೆಂದು ತಳ್ಳಿಹಾಕುವ ಧ್ವನಿಯಲ್ಲಿ ಇಷ್ಟೊಂದು ಅರ್ಥವಡಗಿದೆ!

ಈಗಿನ ತೊಡಕು ಇಲ್ಲಿಯೇ ಇದೆ. ನಗರದ ಅನೇಕ ಮನೆಗಳಿಗೆ ಬರುವ ಮರಿಗಳು ಕಾವುಯಂತ್ರದಲ್ಲಿ ಹುಟ್ಟಿದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಗಳೂ ಹೀಗೆಯೇ ಬರುತ್ತವೆ. ಅವು ಬೇಗನೆ ಬೆಳೆಯುತ್ತವೆ, ನಿಜ. ಆದರೆ ರೆಕ್ಕೆಯಡಿಗೆ ಸೇರಿಸಿಕೊಳ್ಳಲು ತಾಯಿಯಿಲ್ಲ. ಬಯಲಿನಲ್ಲಿ ಬಿಟ್ಟ ಇಂತಹ ಮರಿ ಹದ್ದಿಗೆ ಬಡಿಸಿಟ್ಟ ಎಲೆಯೇ ಸರಿ. ತಾಯಿಯ ಕೆಲಸವನ್ನು ಸಾಕುವವರೇ ವಹಿಸಿಕೊಳ್ಳಬೇಕಾಗುತ್ತದೆ.

ಹದ್ದಿನ ಬಲವೆಲ್ಲ ಬಯಲಿನಲ್ಲಿದೆ. ಮೇಲಿನಿಂದ ಎರಗಿ, ನಿಲ್ಲದೆ ಹಾರಿಹೋಗಲು ಅದಕ್ಕೆ ತೆರೆದ ದಾರಿ ಬೇಕು. ಆ ದಾರಿಯನ್ನು ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಹಿತ್ತಿಲಿನಲ್ಲಿ ತೊಂಡೆಯ ಚಪ್ಪರವಿದ್ದರೆ ಮನೆಗೆ ಕಾಯಿ, ಮರಿಗಳಿಗೆ ಮರೆ. ದಾಸವಾಳದ ಪೊದೆಯೂ ಒಳ್ಳೆಯದೇ. ಆದರೆ ಪೊದೆಯಿಂದ ಶಿಕ್ರಾವನ್ನು ತಡೆಯಲಾಗದು. ಅದಕ್ಕೆ ಗಟ್ಟಿಯಾದ ತಂತಿಜಾಲರಿಯ ಗೂಡೇ ಆಗಬೇಕು. ತೆಳುವಾದ ಮೀನುಬಲೆಯನ್ನು ಹರಡುವುದು ತರವಲ್ಲ. ಹಕ್ಕಿಗಳ ರೆಕ್ಕೆಕಾಲುಗಳು ಅದರಲ್ಲಿ ಸಿಲುಕಿ ಅವು ನರಳಿ ಸಾಯುತ್ತವೆ. ತೀರ ಎಳೆಯ ಮರಿಗಳಿಗೆ ಹಳೆಯ ಕಾಲದ ಬಿದಿರಿನ ಮಂಕರಿಯನ್ನು ಮಗುಚಿಹಾಕಿ ಮೇಲೊಂದು ಕಲ್ಲು ಹೇರುವ ಕ್ರಮವನ್ನು ಮೀರಿಸಿದ್ದು ಇಲ್ಲ. ಬೆದರುಬೊಂಬೆ, ಮಿನುಗುವ ಕಾಗದಗಳ ಮಹಿಮೆ ಕೆಲವೇ ದಿನ. ಹದ್ದು ಅಷ್ಟು ದಡ್ಡ ಹಕ್ಕಿಯಲ್ಲ. ಮೀನು, ಮಾಂಸದ ತ್ಯಾಜ್ಯವನ್ನು ಬೇಲಿಯಾಚೆ ಎಸೆಯುವ ಮನೆಯವರು ತಾವೇ ಹದ್ದನ್ನು ಕರೆದಂತಾಗುತ್ತದೆ.

ಮರಿಯನ್ನು ಕಳೆದುಕೊಂಡವರ ಸಿಟ್ಟು ಸಹಜ. ಬಡವರ ಮನೆಯಲ್ಲಿ ಒಂದು ಹೇಂಟೆಯೆಂದರೆ ಮಕ್ಕಳ ಪುಸ್ತಕಕ್ಕೆ ಒದಗುವ ಹಣ. ಆದರೂ ಹದ್ದಿಗೆ ವಿಷವಿಡುವುದಾಗಲಿ ಕಲ್ಲೆಸೆಯುವುದಾಗಲಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅದು ಅಪರಾಧ. ವಿಷವಿಟ್ಟ ಮಾಂಸ ಹದ್ದಿನ ಬಾಯಿಗೇ ಹೋಗಬೇಕೆಂಬ ನಿಯಮವೂ ಇಲ್ಲ. ಬೀದಿಯ ನಾಯಿ, ಕಾಗೆ, ಕೆಲವೊಮ್ಮೆ ಮನೆಯ ಕೋಳಿಯೂ ಅದಕ್ಕೆ ಬಲಿಯಾದಾವು. ಊರಿನ ಕೊಳೆತ ಮಾಂಸವನ್ನು ಕೂಲಿಯಿಲ್ಲದೆ ತೆಗೆದುಹಾಕುವ ಹಕ್ಕಿಯೂ ಈ ಹದ್ದೇ.

ದಕ್ಷಿಣದಲ್ಲಿ ವರ್ಷದ ಮೊದಲ ತಿಂಗಳುಗಳು ಕರಿಹದ್ದು ಗೂಡುಕಟ್ಟುವ ಕಾಲ. ಅದರ ಮರಿಗಳಿಗೂ ಆಗ ಹಸಿವು. ಈ ತಿಂಗಳುಗಳಲ್ಲಿ ಕಾವಲು ಬಿಗಿಯಾಗಿರಬೇಕು. ಸುಮಾರು ಎರಡು ತಿಂಗಳು ತುಂಬಿದ ಮೇಲೆ ಕೋಳಿಮರಿ ಕರಿಹದ್ದಿನ ಉಗುರಿಗೆ ಭಾರವಾಗತೊಡಗುತ್ತದೆ. ಆಗ ಮಂಕರಿಯ ಧೂಳು ಕೊಡವಿ, ಮುಂದಿನ ಮರಿಗಳಿಗಾಗಿ ಅಟ್ಟಕ್ಕೇರಿಸಬಹುದು.