ಅರಿಶಿನ ಇರಲಿ, ಮಾತ್ರೆಯೂ ನಿಲ್ಲದಿರಲಿ



ವೈದ್ಯಕೀಯ ನೆರವಿನ ಅರ್ಜಿಗಳ ಜೊತೆ ಬರುವ ಬಿಲ್ಲುಗಳನ್ನು ಪರಿಶೀಲಿಸುವುದು ನನ್ನ ಪಾಲಿನ ಕೆಲಸ. ಬ್ಯಾಂಕಿನ ಹಳೇ ಅಭ್ಯಾಸ, ಒಂದೊಂದು ಸಾಲನ್ನೂ ಓದುತ್ತೇನೆ. ರುಮಟಾಯ್ಡ್ ಸಂಧಿವಾತವಿರುವ ಹಿರಿಯ ಸದಸ್ಯೆಯೊಬ್ಬರ ಬಿಲ್ಲಿನಲ್ಲಿ ಅರಿಶಿನದ ಕ್ಯಾಪ್ಸೂಲು ಇತ್ತು, ವೈದ್ಯರು ಬರೆದ ಮಾತ್ರೆ ಇರಲಿಲ್ಲ. ವಿಚಾರಿಸಿದರೆ, "ಇದು ನೈಸರ್ಗಿಕ, ಅಪಾಯವಿಲ್ಲ. ಅದಕ್ಕೇ ಆ ಮಾತ್ರೆ ಬಿಟ್ಟೆ" ಎಂದರು. ಅವರ ಬೆರಳುಗಳು ಊದಿಕೊಂಡಿದ್ದವು. ನಾನು ವಾಣಿಜ್ಯ ಓದಿದವನು, ವೈದ್ಯನಲ್ಲ. ಆದರೂ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ದೇಹಕ್ಕೆ ಗಾಯವಾದಾಗ, ರೋಗಾಣು ಹೊಕ್ಕಾಗ ಮ್ಯಾಕ್ರೋಫೇಜ್ ಎಂಬ ರಕ್ಷಕ ಜೀವಕೋಶಗಳು ಎಚ್ಚರಗೊಳ್ಳುತ್ತವೆ. ಅವುಗಳೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿದೆ. ಸಾಮಾನ್ಯವಾಗಿ ಇನ್ನೊಂದು ಪ್ರೋಟೀನು ಅದನ್ನು ಕಟ್ಟಿಹಾಕಿರುತ್ತದೆ. ಅಪಾಯದ ಸೂಚನೆ ಬಂದೊಡನೆ ಆ ಕಟ್ಟು ಕಳಚುತ್ತದೆ. ಆಗ ಅದು ಕೋಶಕೇಂದ್ರಕ್ಕೆ ಹೋಗಿ, ಉರಿಯೂತದ ಸಂದೇಶ ಹೊರುವ ಟಿಎನ್‌ಎಫ್‌ನಂಥ ವಸ್ತುಗಳ ತಯಾರಿಕೆಯನ್ನು ಶುರುಮಾಡಿಸುತ್ತದೆ. ಕೆಲಸ ಮುಗಿದ ಮೇಲೆ ಇದೆಲ್ಲ ಶಮನವಾಗಬೇಕು. ರುಮಟಾಯ್ಡ್ ಸಂಧಿವಾತದಲ್ಲಿ ಹಾಗಾಗದೆ ಕೀಲುಗಳೇ ಹಾಳಾಗುತ್ತವೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಆ ಕಟ್ಟು ಕಳಚದಂತೆ ತಡೆಯುತ್ತದೆ ಎಂದು 1995ರಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡುಬಂತು. ಆದರೆ ಪ್ರಯೋಗಾಲಯದ ತಟ್ಟೆ ಬೇರೆ, ನಮ್ಮ ದೇಹ ಬೇರೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಮಾತ್ರ. ನುಂಗಿದ್ದರಲ್ಲೂ ಬಹುಪಾಲನ್ನು ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಚಲನ್ ತುಂಬಿದರೂ ಹಣ ಖಾತೆಗೆ ಜಮಾ ಆಗದಂತೆ!

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಹೆಚ್ಚಿತೆಂದು ವರದಿ ಮಾಡಿದರು. ಹಲವು ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದು ಇದಕ್ಕೇ. ಆದರೆ ಪೈಪರಿನ್ ಬೇರೆ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ.

ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಡಾ. ಮಾಶೇಲ್ಕರ್ ಅವರು ಮುಂದೆ ಸಿಎಸ್‌ಐಆರ್ ಮುಖ್ಯಸ್ಥರಾಗಿದ್ದಾಗ, ಗಾಯಕ್ಕೆ ಅರಿಶಿನ ಬಳಸುವ ಬಗೆಗಿನ ಅಮೆರಿಕದ ಪೇಟೆಂಟನ್ನು ಆ ಸಂಸ್ಥೆ ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಹೆಮ್ಮೆಯ ಸಂಗತಿಯೇ. ಆದರೆ ಅಲ್ಲಿ ಸಾಬೀತಾದದ್ದು ಈ ತಿಳಿವಳಿಕೆ ನಮ್ಮಲ್ಲಿ ಮೊದಲೇ ಇತ್ತೆಂಬುದು, ಕ್ಯಾಪ್ಸೂಲು ಸಂಧಿವಾತ ವಾಸಿಮಾಡುತ್ತದೆ ಎಂಬುದಲ್ಲ.

ಸಾರಿಗೆ, ಹಾಲಿಗೆ ಅರಿಶಿನ ಧಾರಾಳವಾಗಿ ಇರಲಿ. ಕ್ಯಾಪ್ಸೂಲು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಖರ್ಚಿನ ಭಯಕ್ಕೆ ಬಿಡುವ ಪರಿಸ್ಥಿತಿಯಿದ್ದರೆ ಸಂಕೋಚವಿಲ್ಲದೆ ಸಂಘಕ್ಕೆ ತಿಳಿಸಿ.

ಆ ಸದಸ್ಯೆ ಈಗ ಮತ್ತೆ ವೈದ್ಯರ ಬಳಿ ಹೋಗುತ್ತಿದ್ದಾರೆ. ಅವರ ಮಾತ್ರೆ ಮತ್ತು ರಕ್ತಪರೀಕ್ಷೆಯ ಖರ್ಚು ತಿಂಗಳು ತಿಂಗಳೂ ಬರುವಂಥದ್ದು. ದಾನಿಗಳೇ, ನಿಮ್ಮ ಹಣ ಜಮಾ ಆಗುವುದು ಇಂಥ ಖಾತೆಗೆ. ದಯವಿಟ್ಟು ಕೈಜೋಡಿಸಿ.