ಕಿವಿಯ ವಿದ್ಯೆ, ಕಣ್ಣಿನ ವಿದ್ಯೆ



ವಿದ್ಯೆಯು ಶಾಲೆಯ ನಾಲ್ಕು ಗೋಡೆಗಳೊಳಗೆ ಮಾತ್ರ ದೊರೆಯುವುದೆಂದು ಬಗೆಯುವುದು ತಪ್ಪು. ಕೆಲವೊಮ್ಮೆ ಅದು ನಾವು ನಿರೀಕ್ಷಿಸದ ದಿಕ್ಕಿನಿಂದ ಬಂದು ಕದ ತಟ್ಟುತ್ತದೆ. ಕಳೆದ ಮಳೆಗಾಲದಲ್ಲಿ ಮುಂಬಯಿಯ ರೈಲುಗಳು ನಿಂತು ಶಾಲೆಗೆ ಎರಡು ದಿನ ರಜೆ ದೊರೆತಾಗ, ನೆರೆಮನೆಯ ತರುಣನೊಬ್ಬನು "ಮಾಸ್ತರರೇ, ಇದನ್ನೊಮ್ಮೆ ನೋಡಿರಿ" ಎಂದು ತನ್ನ ಕಂಪ್ಯೂಟರಿನಲ್ಲಿ ಒಂದು ಜಪಾನೀ ದೂರದರ್ಶನ ನಾಟಕವನ್ನು ತೋರಿಸಿದನು. ಅದರ ಭಾಷೆ ನಮಗೆ ತಿಳಿಯದು. ಅದರ ಸಂಗೀತವೂ ನಮಗೆ ಪರಿಚಿತವಲ್ಲ. ಆದರೂ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಳ್ಳುತ್ತ ಹನ್ನೊಂದು ಕಂತುಗಳನ್ನೂ ನೋಡಿ ಮುಗಿಸಿದೆವು. ನೋಡಿದ ಮೇಲೆ ನಮ್ಮ ಪಾಠ ಹೇಳುವ ರೀತಿಯನ್ನೇ ತಿದ್ದಿಕೊಳ್ಳಬೇಕಾಯಿತು. ಅದು ಹೇಗೆಂಬುದನ್ನು ನಿಮಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ನಾಟಕದ ಹೆಸರು 'ನೋದಾಮೆ ಕಾಂತಾಬಿಲೆ'. 'ಕಾಂತಾಬಿಲೆ' ಎಂಬುದು ಇಟಲಿಯ ಮಾತು. ವಾದ್ಯವನ್ನು ಹಾಡುವಂತೆ ನುಡಿಸಬೇಕೆಂದು ಅದರ ಅರ್ಥ. ತೊಮೊಕೊ ನಿನೊಮಿಯಾ ಎಂಬ ಲೇಖಕಿ 2001ರಿಂದ ಬರೆದ ಚಿತ್ರಕಥೆಯೇ ಇದರ ಮೂಲ. 2006ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇದು ಜಪಾನಿನ ಫುಜಿ ದೂರದರ್ಶನದಲ್ಲಿ ಪ್ರಸಾರವಾಯಿತು. ಜೂರಿ ಉಎನೊ ಎಂಬ ನಟಿ ನೋದಾಮೆಯ ಪಾತ್ರವನ್ನೂ, ಹಿರೋಷಿ ತಮಾಕಿ ಎಂಬ ನಟನು ಚಿಯಾಕಿಯ ಪಾತ್ರವನ್ನೂ ಅಭಿನಯಿಸಿದ್ದಾರೆ.

ಕಥೆ ಸರಳವಾದುದು. ಒಂದು ಸಂಗೀತ ಮಹಾವಿದ್ಯಾಲಯದಲ್ಲಿ ಇವರಿಬ್ಬರೂ ಪಿಯಾನೋ ಕಲಿಯುತ್ತಿದ್ದಾರೆ. ಚಿಯಾಕಿ ಬುದ್ಧಿವಂತ, ಶ್ರಮಶೀಲ, ತುಸು ಗರ್ವಿಷ್ಠ. ಸ್ವರಲಿಪಿಯಲ್ಲಿ ಬರೆದುದನ್ನು ಒಂದು ಚುಕ್ಕೆಯೂ ತಪ್ಪದಂತೆ ನುಡಿಸಬಲ್ಲನು. ವಾದ್ಯವೃಂದದ ನಿರ್ದೇಶಕನಾಗಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಯುರೋಪಿಗೆ ಹೋಗಬೇಕು. ಆದರೆ ಬಾಲ್ಯದ ಕಹಿ ಅನುಭವದಿಂದ ಅವನಿಗೆ ವಿಮಾನವೆಂದರೂ ಭಯ, ಹಡಗೆಂದರೂ ಭಯ. ನೋದಾಮೆಯಾದರೋ ಅವನಿಗೆ ತದ್ವಿರುದ್ಧ. ಅವಳ ಕೋಣೆ ಕಸದ ಗುಡ್ಡೆ. ಸ್ವರಲಿಪಿಯನ್ನು ಓದುವುದೆಂದರೆ ಅವಳಿಗೆ ಬೇಸರ. ಒಮ್ಮೆ ಕೇಳಿದುದನ್ನು ಹಾಗೆಯೇ ನುಡಿಸುವಳು. ನುಡಿಸುತ್ತ ತನಗೆ ತೋಚಿದ ಸ್ವರಗಳನ್ನೂ ಸೇರಿಸುವಳು. ಶಿಶುವಿಹಾರದ ಶಿಕ್ಷಕಿಯಾಗಬೇಕೆಂಬುದಷ್ಟೇ ಅವಳ ಆಸೆ. ಅವಳು ನುಡಿಸಿದ ಬೀಥೋವನ್ನನ 'ಪಥೆಟಿಕ್' ಸೊನಾಟವನ್ನು ಕೇಳಿದಾಗ ಚಿಯಾಕಿ ಬೆರಗಾಗುತ್ತಾನೆ. ಬರಹದಂತೆ ನೋಡಿದರೆ ಅದರಲ್ಲಿ ತಪ್ಪುಗಳಿವೆ. ಆದರೆ ಪಿಯಾನೋ ಹಾಡುತ್ತಿದೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸೋಣ. ನಮ್ಮ ದೇಶದಲ್ಲಿ ಸಂಗೀತವು ಬಹುಮಟ್ಟಿಗೆ ಕಿವಿಯ ವಿದ್ಯೆ. ಗುರು ಹಾಡುತ್ತಾನೆ, ಶಿಷ್ಯ ಕೇಳಿ ಹಾಡುತ್ತಾನೆ. ಗದುಗಿನ ಭೀಮಸೇನ ಜೋಶಿಯವರು ಗುರುವನ್ನರಸುತ್ತ ಬಾಲ್ಯದಲ್ಲಿಯೇ ಮನೆ ಬಿಟ್ಟು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತುದು ಈ ರೀತಿಯಲ್ಲಿಯೇ. ಪಾಶ್ಚಾತ್ಯ ವಾದ್ಯವೃಂದದ ರೀತಿ ಬೇರೆ. ಅಲ್ಲಿ ಎಪ್ಪತ್ತೆಂಬತ್ತು ಜನ ಒಟ್ಟಿಗೆ ಕುಳಿತು ನುಡಿಸುತ್ತಾರೆ. ಪಿಟೀಲಿನವನ ಪಾಲಿನ ಸ್ವರ ಬೇರೆ, ಕೊಳಲಿನವನ ಪಾಲಿನದು ಬೇರೆ, ಕಹಳೆಯವನದು ಇನ್ನೂ ಬೇರೆ. ಪ್ರತಿಯೊಬ್ಬನೂ ತನಗೆ ತೋಚಿದಂತೆ ನುಡಿಸಿದರೆ ಅದು ಸಂಗೀತವಾಗದೆ ಸಂತೆಯ ಗದ್ದಲವಾದೀತು. ಆದುದರಿಂದ ಅಲ್ಲಿ ಬರೆದ ಸ್ವರಲಿಪಿ ಎಲ್ಲರನ್ನೂ ಕಟ್ಟುವ ದಾರ. ಅದು ಕಣ್ಣಿನ ವಿದ್ಯೆ.

ನಾಟಕದ ಅಧ್ಯಾಪಕರೊಬ್ಬರು ಇವರಿಬ್ಬರಿಂದ ಮೊಝಾರ್ಟ್ 1781ರಲ್ಲಿ ರಚಿಸಿದ, ಎರಡು ಪಿಯಾನೋಗಳ ಸೊನಾಟವನ್ನು ಜೊತೆಯಾಗಿ ನುಡಿಸುತ್ತಾರೆ. ಮೊದಲು ಚಿಯಾಕಿ ಅವಳ ತಪ್ಪುಗಳನ್ನು ಎಣಿಸುತ್ತ ಗದರುತ್ತಾನೆ. ಕೊನೆಗೆ ಅವಳ ನುಡಿಕೆಗೆ ಕಿವಿಗೊಟ್ಟು, ಅವಳಿಗೆ ಅವಕಾಶವಿತ್ತು ತಾನು ಜೊತೆಗೂಡಿದಾಗ, ಅವನಿಗೆ ಎಷ್ಟೋ ದಿನಗಳಿಂದ ಕಾಣದಿದ್ದ ಸಂತೋಷ ದೊರೆಯುತ್ತದೆ. ನಿರ್ದೇಶಕನಾಗುವವನು ಮೊದಲು ಕೇಳುವವನಾಗಬೇಕೆಂಬುದೇ ಅವನು ಕಲಿತ ಮೊದಲ ಪಾಠ.

ಮುಂದೆ ಅವನು ಹಿಂದುಳಿದವರೆನಿಸಿಕೊಂಡ ವಿದ್ಯಾರ್ಥಿಗಳ ವಾದ್ಯವೃಂದದಿಂದ ಬೀಥೋವನ್ನನ ಏಳನೆಯ ಸಿಂಫನಿಯನ್ನು ನುಡಿಸುತ್ತಾನೆ. ನಾಟಕದ ಪ್ರಾರಂಭಗೀತವೂ ಇದೇ. 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರ ಸಹಾಯಾರ್ಥವಾಗಿ ನಡೆದ ಕಚೇರಿಯಲ್ಲಿ ಇದು ಮೊದಲ ಬಾರಿ ನುಡಿಯಿತು. ಕಿವುಡು ಬಹಳ ಮುಂದುವರಿದಿದ್ದರೂ ಬೀಥೋವನ್ನನೇ ನಿರ್ದೇಶಿಸಿದನು. ಇದರ ಎರಡನೆಯ ಭಾಗವನ್ನು ಸಭಿಕರು ಅಂದೇ ಮತ್ತೊಮ್ಮೆ ನುಡಿಸಲು ಹೇಳಿದರಂತೆ. ಹೊರಗಿನ ಕಿವಿ ಮುಚ್ಚಿದವನಿಗೂ ಒಳಗಿನ ಕಿವಿ ತೆರೆದಿರಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಾಟಕದಲ್ಲಿ ಚಿಯಾಕಿ ನುಡಿಸುವ ಇನ್ನೊಂದು ಕೃತಿ ರಷ್ಯದ ರಾಖ್ಮನಿನೋಫನ ಎರಡನೆಯ ಪಿಯಾನೋ ಕಾನ್ಸರ್ಟೊ. 1897ರಲ್ಲಿ ಈತನ ಮೊದಲ ಸಿಂಫನಿ ಸೋತಿತು. ಟೀಕೆಗಳಿಂದ ಕುಗ್ಗಿದ ಆತನಿಗೆ ಸುಮಾರು ಮೂರು ವರ್ಷ ಬರೆಯುವುದೇ ಆಗಲಿಲ್ಲ. ನಿಕೊಲಾಯ್ ಡಾಲ್ ಎಂಬ ವೈದ್ಯನು ಸಮ್ಮೋಹನ ಚಿಕಿತ್ಸೆಯಿಂದ ಆತನಿಗೆ ಧೈರ್ಯ ತುಂಬಿದನು. 1901ರಲ್ಲಿ ಪೂರ್ಣಗೊಂಡ ಕಾನ್ಸರ್ಟೊವನ್ನು ರಾಖ್ಮನಿನೋಫ್ ಆ ವೈದ್ಯನಿಗೇ ಅರ್ಪಿಸಿದನು. ನಾಟಕದಲ್ಲಿಯೂ ನೋದಾಮೆ ಒಂದು ಗಡಿಯಾರವನ್ನು ತೂಗಾಡಿಸಿ, ಸಮ್ಮೋಹನದಿಂದಲೇ ಚಿಯಾಕಿಯ ಭಯವನ್ನು ಬಿಡಿಸುತ್ತಾಳೆ.

ಭಯ ನೋದಾಮೆಗೂ ಇದೆ. ಬಾಲ್ಯದಲ್ಲಿ ಒಬ್ಬ ಶಿಕ್ಷಕನ ಏಟಿನಿಂದ ಬೆದರಿದವಳು ಅವಳು. ಮಹಾವಿದ್ಯಾಲಯದಲ್ಲಿ ಎತೋ ಎಂಬ ಅಧ್ಯಾಪಕನು ಕಾಗದದ ದೊಡ್ಡ ಮಡಿಕೆ ಬೀಸಣಿಗೆಯಿಂದ ಶಿಷ್ಯರನ್ನು ಹೊಡೆಯುವವನು. ಅವನಿಂದ ಅವಳು ಓಡಿಹೋಗುತ್ತಾಳೆ. ಅವನು ಬೀಸಣಿಗೆಯನ್ನು ತೊರೆದ ಮೇಲೆಯೇ ಅವಳು ಅವನ ಬಳಿ ಕುಳಿತು, ಸ್ವರಲಿಪಿಯನ್ನು ಶ್ರದ್ಧೆಯಿಂದ ಓದತೊಡಗುತ್ತಾಳೆ. ಸ್ಪರ್ಧೆಯಲ್ಲಿ ಅವಳು ಗೆಲ್ಲುವುದಿಲ್ಲ. ದಾರಿಯಲ್ಲಿ ಕೇಳಿದ ಅಡುಗೆ ಕಾರ್ಯಕ್ರಮವೊಂದರ ರಾಗವು ಸ್ಟ್ರಾವಿನ್‌ಸ್ಕಿಯ ಕೃತಿಯ ನಡುವೆ ನುಸುಳಿಬಿಡುತ್ತದೆ. ಸೋತು ಊರಿಗೆ ಮರಳಿದರೂ ಅವಳ ಕಲಿಕೆ ಅಲ್ಲಿಗೆ ನಿಲ್ಲುವುದಿಲ್ಲ.

ಆ ಬೀಸಣಿಗೆಯ ದೃಶ್ಯವನ್ನು ಕಂಡಾಗ ನಾವು ನಗಲಾರದೆ ಹೋದೆವು. ಇಲ್ಲಿ ನಮ್ಮ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಐದನೆಯ ತರಗತಿಯಲ್ಲಿ ಒಬ್ಬ ಬಾಲಕಿಯಿದ್ದಾಳೆ. ಪದ್ಯವನ್ನು ಎರಡು ಸಲ ಕೇಳಿದರೆ ಸಾಕು, ರಾಗವಾಗಿ ಒಪ್ಪಿಸುವಳು. ಅಜ್ಜಿಯಿಂದ ಕಲಿತ ಸೋಬಾನೆ ಪದಗಳು ಅವಳ ಬಾಯಲ್ಲಿ ಎಷ್ಟೋ ಇವೆ. ಆದರೆ ಪುಸ್ತಕ ತೆರೆದರೆ ಒತ್ತಕ್ಷರ ಬಂದೊಡನೆ ನಿಂತುಬಿಡುವಳು. ಅವಳನ್ನು ಸೋಮಾರಿಯೆಂದು ಜರೆದವರು ನಾವು. ಮೇಜಿನ ಮೇಲೆ ಮರದ ಅಳತೆಪಟ್ಟಿಯನ್ನು ಕುಟ್ಟಿದವರೂ ನಾವು. ಪಟ್ಟಿಯ ಸದ್ದಿಗೆ ಅವಳ ಬಾಯಿಂದ ಬರುತ್ತಿದ್ದ ಅಕ್ಷರವೂ ನಿಂತುಹೋಗುತ್ತಿತ್ತು.

ಯೋಚಿಸಿ ನೋಡಿದರೆ ತಪ್ಪು ಅವಳದಲ್ಲ. ಈ ನಗರದಲ್ಲಿ ನಿಮ್ಮೆಲ್ಲರ ಕನ್ನಡವೂ ಮೊದಲು ಕಿವಿಯ ಕನ್ನಡವೇ. ತಾಯಿ ಆಡಿದ ಮಾತು, ಅಜ್ಜಿ ಹೇಳಿದ ಕಥೆ ನಿಮ್ಮ ಬಂಡವಾಳ. ಬೀದಿಗಿಳಿದರೆ ಅಂಗಡಿಯ ಫಲಕದಲ್ಲಿ, ಬಸ್ಸಿನ ಹಣೆಯಲ್ಲಿ ಕನ್ನಡದ ಅಕ್ಷರ ಕಾಣದು. ಊರಿನ ಮಕ್ಕಳು ದಾರಿಯಲ್ಲಿ ನಡೆಯುತ್ತಲೇ ಕಲಿಯುವ ಓದನ್ನು ನೀವು ಈ ಶಾಲೆಯ ಕೋಣೆಯಲ್ಲಿಯೇ ಕಲಿಯಬೇಕು. ಇದನ್ನು ತಿಳಿದೂ ಸಹನೆ ತಾಳದ ಶಿಕ್ಷಕನು ಶಿಕ್ಷಕನೆಂತಾದಾನು?

ರಜೆ ಮುಗಿದ ಮೇಲೆ ಅಳತೆಪಟ್ಟಿಯನ್ನು ಕಪಾಟಿನಲ್ಲಿಟ್ಟೆವು. ಬಾಲಕಿಗೆ ಬಾಯಿಪಾಠವಾಗಿದ್ದ ಪದ್ಯದ ಪುಟವನ್ನೇ ತೆರೆದುಕೊಟ್ಟು, "ನೀನು ಹಾಡು, ಹಾಡುವ ಮಾತಿನ ಕೆಳಗೆ ಬೆರಳನ್ನು ನಡೆಸು" ಎಂದೆವು. ಬೆರಳು ಹಿಂದೆ ಬಿದ್ದರೆ ಹಾಡು ಕಾಯುತ್ತಿತ್ತು. ಹೀಗೆ ಕಿವಿಯು ಕಣ್ಣಿನ ಕೈಹಿಡಿದು ನಡೆಸಿತು. ದೀಪಾವಳಿಯ ರಜೆಯ ಹೊತ್ತಿಗೆ ಹಿಂದೆಂದೂ ಓದದ ಒಂದು ಪುಟವನ್ನು ಅವಳು ಕೊನೆಯವರೆಗೆ ಓದಿದಳು. ಈಗಲೂ 'ಸ್ವಾತಂತ್ರ್ಯ' ಎಂಬಲ್ಲಿ ತಡವರಿಸುತ್ತಾಳೆ. ಆದರೆ ತಡವರಿಸಿದರೂ ತಲೆ ತಗ್ಗಿಸುವುದಿಲ್ಲ, ಮತ್ತೆ ಓದುತ್ತಾಳೆ.

ವಿದ್ಯಾರ್ಥಿಗಳೇ, ಬರೆದುದನ್ನು ಓದದವನ ಕಲೆ ಬೆಳೆಯದು; ಕೇಳಲರಿಯದವನ ಓದು ಹಾಡಾಗದು. ಚಿಯಾಕಿಗೆ ನೋದಾಮೆಯ ಕಿವಿ ಬೇಕಾಯಿತು, ನೋದಾಮೆಗೆ ಚಿಯಾಕಿಯ ಕಣ್ಣು ಬೇಕಾಯಿತು. ನಿಮ್ಮ ಬೆಂಚಿನಲ್ಲಿಯೇ ಅಂತಹ ಜೊತೆಗಾರನಿರಬಹುದು. ಅವನು ತಡವರಿಸಿದಾಗ ನಗಬೇಡಿರಿ, ಕಿವಿಗೊಡಿರಿ. ಬಿಡುವಾದಾಗ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಕಣ್ಣು ಮುಚ್ಚಿ ಒಮ್ಮೆ ಕೇಳಿರಿ. ಆಮೇಲೆ ಕಣ್ಣು ತೆರೆದು, ನಿಮ್ಮ ಕನ್ನಡ ಪುಸ್ತಕದ ಒಂದು ಪುಟವನ್ನು ಮನೆಯ ಹಿರಿಯರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿರಿ.